ವಿಂಡೋಸ್ ಅಳಿಸದೆ ಲಿನಕ್ಸ್ ರುಚಿ ನೋಡಿ

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಬಾರಿ ಅದು ಇರುವುದಿಲ್ಲ. ಹಾಗಂತ ಗುಜರಿಗೆ ಕೊಡಬೇಡಿ. ವಿಂಡೋಸ್‌ನಂತೆಯೇ ಗಣಕ ನಡೆಸುವ ಉಚಿತ ವ್ಯವಸ್ಥೆ ಲಿನಕ್ಸ್; ಅದರ ಮಿಂಟ್ ಎಂಬ ಬಗೆಯನ್ನು ಹಾಕಿ ನೋಡಿ.

ಮೊದಲು 8 ಜಿಬಿಯ ಒಂದು ಪೆನ್‌ಡ್ರೈವ್ ಹುಡುಕಿ. ಮಿಂಟ್ ಜಾಲತಾಣದಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ಇರುವ ಒಂದೇ ಕಡತ) ಇಳಿಸಿಕೊಳ್ಳಿ. ರ‍್ಯಾಮ್ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯೇ ಸಾಕು. ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಆಗದು, ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇದ್ದರೆ ಮೊದಲೇ ತೆಗೆದಿಡಿ!

ಪೆನ್‌ಡ್ರೈವ್ ಚುಚ್ಚಿ ರೀಸ್ಟಾರ್ಟ್ ಮಾಡಿ. ಪರದೆ ಬೆಳಗುತ್ತಿದ್ದಂತೆ ಎಫ್12 ಒತ್ತಿ (ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್), ಪೆನ್‌ಡ್ರೈವ್ ಆರಿಸಿ. ಮಿಂಟ್ ಅದರಿಂದಲೇ ಓಡುತ್ತದೆ, ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಸ್ವಲ್ಪ ನಿಧಾನ, ಆದರೆ ಅದು ಪೆನ್‌ಡ್ರೈವ್‌ನ ತಪ್ಪು.

ಈಗ ನಿಮ್ಮ ನಿತ್ಯದ ಕೆಲಸಗಳನ್ನೇ ಮಾಡಿ ನೋಡಿ. ವೈಫೈ, ಸದ್ದು, ಪ್ರಿಂಟರ್. ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ? ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕನ್ನಡ ಕಗಪ' ವಿನ್ಯಾಸ ಸೇರಿಸಿ. 'ನುಡಿ' ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಇದು ಹೊಸದಲ್ಲ: ಕ್ಕ ಬೇಕಾದರೆ ಕೆ, ಎಫ್, ಕೆ. ಯೂನಿಕೋಡ್ ಅಲ್ಲದ ಹಳೇ ನುಡಿ ಕಡತಗಳು ಮಾತ್ರ ನುಡಿಯ ಫಾಂಟ್ ಇಲ್ಲದೆ ಗೀಚುಬರಹದಂತೆ ಕಾಣುತ್ತವೆ.

ಸಿ, ಡಿ ಡ್ರೈವ್ ಎಲ್ಲಿ ಅಂತ ಹುಡುಕುತ್ತೀರಿ, ಅಲ್ವಾ? ಇಲ್ಲಿ ಅವಿಲ್ಲ. ಇಡೀ ಗಣಕದ ಫೋಲ್ಡರ್‌ಗಳೆಲ್ಲ ಸೇರಿ ಒಂದೇ ಮರ, ಪೆನ್‌ಡ್ರೈವ್ ಕೂಡ ಅದರದೊಂದು ಕೊಂಬೆ. ಅಪ್‌ಡೇಟ್‌ನಲ್ಲೂ ಇಂಥದೇ ವ್ಯತ್ಯಾಸ. ಬಳಕೆಯಲ್ಲಿರುವ ಫೈಲನ್ನು ಬದಲಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ, ಅದಕ್ಕೇ ಪದೇಪದೇ ರೀಸ್ಟಾರ್ಟ್ ಕೇಳುತ್ತದೆ. ಲಿನಕ್ಸ್ ಹಳೆಯದು ಓಡುತ್ತಿರುವಾಗಲೇ ಹೊಸದನ್ನು ತಂದಿಡುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್ ಬದಲಾದರೆ ಇಲ್ಲೂ ರೀಸ್ಟಾರ್ಟ್ ಬೇಕು, ಆದರೆ ಯಾವಾಗ ಎನ್ನುವುದು ನಿಮ್ಮಿಷ್ಟ. ವಿಂಡೋಸ್ ಮನೆಯ ಹಿರಿಯರ ಹಾಗೆ, ನಿಮ್ಮ ಪರವಾಗಿ ತಾನೇ ತೀರ್ಮಾನಿಸುತ್ತದೆ. ನನಗೆ ಕೇಳಿ ಮಾಡುವ ಮಿಂಟ್ ಹಿಡಿಸಿತು. ಕೇಳುವುದೇ ಕಿರಿಕಿರಿ ಅನ್ನುವವರೂ ಇದ್ದಾರೆ.

ಅಂಗಡಿ ಲೆಕ್ಕ ಟ್ಯಾಲಿಯಲ್ಲಿದ್ದರೆ ವಿಂಡೋಸ್ ಬಿಡಬೇಡಿ, ಟ್ಯಾಲಿ ಇರುವುದು ವಿಂಡೋಸ್‌ಗೆ. ಉಳಿದವರು ಫೈಲ್‌ಗಳ ಬ್ಯಾಕಪ್ ತೆಗೆದುಕೊಂಡು, ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. 'ಡಿಸ್ಕ್ ಅಳಿಸು' ಬೇಡ, 'ವಿಂಡೋಸ್ ಜೊತೆಗೆ' ಎಂಬುದನ್ನು ಆರಿಸಿ. ಆಮೇಲೆ ಗಣಕ ಶುರುವಾದಾಗಲೆಲ್ಲ ಯಾವುದು ಬೇಕು ಅಂತ ಕೇಳುತ್ತದೆ.