‘ಗಾಥಿಕ್’ ಎಂಬ ಪದ ಎದುರಾದಾಗ ಅದರ ಅರ್ಥ ಗುರುತಿಸುವ ಬಗೆ

ಮೈಸೂರಿನ ಪ್ರವಾಸಿ ಕೈಪಿಡಿಯಲ್ಲಿಯೂ ಕಾದಂಬರಿಯ ವಿಮರ್ಶೆಯಲ್ಲಿಯೂ ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿಯೂ ‘ಗಾಥಿಕ್’ ಎಂಬ ಪದ ಬೇರೆ ಬೇರೆ ಅರ್ಥದಲ್ಲಿ ಬರುವುದರಿಂದ, ಅಲ್ಲಿ ಮಾತು ಕಟ್ಟಡದ್ದೋ ಕಥೆಯದ್ದೋ ಅಕ್ಷರದ್ದೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಕಟ್ಟಡದ ಮಾತಾದರೆ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ನೆರವೇರಿಸಿದ ಸಂತ ಫಿಲೋಮಿನಾ ಚರ್ಚನ್ನು ಒಮ್ಮೆ ನಿಧಾನವಾಗಿ ನೋಡಿ ಬರುವುದು ಒಳ್ಳೆಯದು. ಇದಕ್ಕಿಂತ ಉತ್ತಮ ಪಾಠ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಜರ್ಮನಿಯ ಕಲೋನ್ ಕೆಥೆಡ್ರಲ್‌ನಿಂದ ಪ್ರೇರಣೆ ಪಡೆದ ಇದರ ಜೋಡಿ ಗೋಪುರಗಳು ಸುಮಾರು 175 ಅಡಿ ಎತ್ತರವಿವೆ. ಗೋಪುರಗಳಿಂದ ಕಣ್ಣಿಳಿಸಿ ಕಮಾನುಗಳನ್ನು ಗಮನಿಸಿ: ಎರಡು ಬದಿಯಿಂದ ಬಾಗಿ ಬಂದ ಗೆರೆಗಳು ನೆತ್ತಿಯಲ್ಲಿ ಕೂಡಿ ಮೊನೆಯಾಗುತ್ತವೆ. ಇಂಥ ಕಮಾನು ಅರ್ಧವೃತ್ತದ ಕಮಾನಿನಷ್ಟು ಪಕ್ಕಕ್ಕೆ ಒತ್ತದೆ ಭಾರವನ್ನು ಹೆಚ್ಚು ನೇರವಾಗಿ ಕೆಳಕ್ಕಿಳಿಸುತ್ತದೆ. ಉಳಿದ ಒತ್ತಡವನ್ನು ಹೊರಗಿನ ಆನಿಕೆಗಳು ಹೊರುತ್ತಿದ್ದುದರಿಂದಲೇ ಮಧ್ಯಯುಗದ ಶಿಲ್ಪಿಗಳು ಗೋಡೆಯನ್ನು ತೆಳುವಾಗಿಸಿ ದೊಡ್ಡ ಕಿಟಕಿಗಳಿಗೆ ಬಣ್ಣದ ಗಾಜು ಕೂರಿಸಬಲ್ಲವರಾದರು. ಮೊನಚು ಕಮಾನೊಂದನ್ನೇ ನಂಬಬಾರದು, ಅದು ಇಸ್ಲಾಮಿ ವಾಸ್ತುವಿನಲ್ಲಿಯೂ ಇದೆ. 1912ರಲ್ಲಿ ಪೂರ್ಣಗೊಂಡ ನಮ್ಮ ಅರಮನೆ ಗುಮ್ಮಟಗಳಿಂದ ಕೂಡಿದ, ಭಾರತೀಯ ಮತ್ತು ಇಸ್ಲಾಮಿ ರೀತಿಗಳು ಬೆರೆತ ಇಂಡೋ-ಸಾರಾಸೆನಿಕ್ ಶೈಲಿಯದು. ಅದನ್ನು ಗಾಥಿಕ್ ಎನ್ನುವುದು ಸರಿಯಲ್ಲ.

ಚರಿತ್ರೆಯ ಪುಸ್ತಕದಲ್ಲಿ ಬರುವ ಗಾಥರು ಒಂದು ಜರ್ಮ್ಯಾನಿಕ್ ಜನಾಂಗ. ಅವರಲ್ಲಿ ಪಶ್ಚಿಮದ ಶಾಖೆಯವರು ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಸೂರೆ ಮಾಡಿದರು. ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಈ ಕಟ್ಟಡ ಶೈಲಿಗೂ ಅವರಿಗೂ ಸಂಬಂಧವಿಲ್ಲ. ಇಟಲಿಯ ಪುನರುಜ್ಜೀವನ ಕಾಲದ ವಿದ್ವಾಂಸರು ಅದನ್ನು ಒರಟೆಂದು ಹೀಗಳೆದು ಗಾಥರ ತಲೆಗೆ ಕಟ್ಟಿದರು. ಬೈಗುಳವೇ ಹೆಸರಾಗಿ ಉಳಿದುಬಿಟ್ಟದ್ದು ಆ ಮಹಾ ಶಿಲ್ಪಿಗಳಿಗೆ ಆದ ಅನ್ಯಾಯವೆಂದೇ ನನ್ನ ಭಾವನೆ.

ಕಥೆಯ ಸಂದರ್ಭದಲ್ಲಿ ಪಾಳು ಕೋಟೆ, ಗುಪ್ತ ದಾರಿ, ಮನೆತನದ ಹಳೆಯ ಪಾಪ, ಬಿಡದೆ ಕಾಡುವ ಭೀತಿ ಇವುಗಳನ್ನು ಹುಡುಕಬೇಕು. ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ 1764ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಈ ಪರಂಪರೆ ಆರಂಭವಾಯಿತೆನ್ನುತ್ತಾರೆ. ದೆವ್ವ ಬಂದ ಮಾತ್ರಕ್ಕೆ ಕಥೆ ಗಾಥಿಕ್ ಆಗುವುದಿಲ್ಲ. ಹಿಂದಿನ ಕಾಲ ಇಂದಿನವರನ್ನು ಹಿಡಿದಿಟ್ಟಿರಬೇಕು.

ಅಕ್ಷರಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಗುಟೆನ್‌ಬರ್ಗನ ಬೈಬಲಿನ ದಟ್ಟವಾದ, ಮೂಲೆ ಮೂಲೆಯ ಅಕ್ಷರವೂ ಗಾಥಿಕ್. ಫ್ರಾಂಕ್ಲಿನ್ ಗಾಥಿಕ್ ಎಂಬ ಫಾಂಟಿನಂಥ, ಗೆರೆಗಳ ತುದಿಯಲ್ಲಿ ಕುಚ್ಚಿಲ್ಲದ ಸರಳ ಅಕ್ಷರವೂ ಗಾಥಿಕ್. ಇವೆಲ್ಲದರ ಹೊರತಾಗಿ, ಕಪ್ಪು ಉಡುಪಿನ ‘ಗಾಥ್’ ಯುವಜನರು ಬ್ರಿಟನ್ನಿನ ರಾಕ್ ಸಂಗೀತದಿಂದ ಬಂದವರು.

ಕನ್ನಡದಲ್ಲಿ ಬರೆಯುವಾಗ ‘ಗಾಥಿಕ್ ವಾಸ್ತುಶೈಲಿ’, ‘ಗಾಥಿಕ್ ಕಾದಂಬರಿ’ ಎಂದು ಜೊತೆಪದ ಸೇರಿಸಿ; ಇಪ್ಪತ್ತನೆಯ ಶತಮಾನದ ಫಿಲೋಮಿನಾ ಚರ್ಚಿಗೆ ‘ನವ-ಗಾಥಿಕ್’ ಎಂದೇ ಬರೆಯಿರಿ.