ಹದಿನೈದು ದಿನದ ಅರಳುಮರಳು

ತಿಪಟೂರು ಕಡೆ ಕ್ಲಿನಿಕ್ ಇಟ್ಟಿರುವ ನನ್ನಂಥ ಸಾಮಾನ್ಯ ಡಾಕ್ಟರ ಹತ್ತಿರ ದೊಡ್ಡ ಸಲಕರಣೆ ಏನೂ ಇರುವುದಿಲ್ಲ. ಆದರೂ ತಲೆಪೆಟ್ಟಿನ ಒಂದು ತೊಡಕನ್ನು, ಅಂದರೆ ಪೆಟ್ಟಾಗಿ ವಾರಗಳ ಮೇಲೆ ಮಿದುಳಿನ ಹೊರಗೆ ರಕ್ತ ತುಂಬಿಕೊಳ್ಳುವುದನ್ನು, ಮೊದಲು ನೋಡುವವರು ನಾವೇ. ‘ಅಪ್ಪನಿಗೆ ಹದಿನೈದು ದಿನದಿಂದ ಅರಳುಮರಳು, ವಯಸ್ಸಾಯ್ತಲ್ವಾ ಸಾರ್’ ಅಂತ ಮಗ ಕರೆದುಕೊಂಡು ಬರುತ್ತಾನೆ. ವಯಸ್ಸಿನ ಮರೆವು ವರ್ಷಗಟ್ಟಲೆ ತಗೊಂಡು ಬರುವಂಥದ್ದು. ಹದಿನೈದು ದಿನ ಅಂದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ.

‘ಬಿದ್ದಿದ್ರಾ?’ ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ. ಹಬ್ಬ ಹಿಡಿದು ಕೇಳಬೇಕು. ಯುಗಾದಿ ಆದಮೇಲೆ ಬಚ್ಚಲಲ್ಲಿ ಜಾರಿದ್ರಾ? ತೋಟದಲ್ಲಿ ಮಟ್ಟೆ ಬಿತ್ತಾ? ಅದೂ ಮನೆಯ ಹೆಂಗಸರನ್ನು ಕೇಳಬೇಕು, ಗಂಡುಮಕ್ಕಳಿಗೆ ಗೊತ್ತೇ ಇರಲ್ಲ. ‘ಹೂಂ, ಕೊಟ್ಟಿಗೆ ತೊಲೆ ಬಡಿದಿತ್ತು, ಅರಿಶಿನ ಹಚ್ಚಿದ್ವಿ’ ಅಂತ ಸೊಸೆ ನೆನಪು ಮಾಡಿಕೊಳ್ಳುತ್ತಾಳೆ.

ವಯಸ್ಸಾದಂತೆ ಮಿದುಳು ಕುಗ್ಗುತ್ತದೆ. ಅದರಿಂದ ಮಿದುಳಿನ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಚಿಕ್ಕ ಪೆಟ್ಟಿಗೂ ಹರಿದು ರಕ್ತ ಜಿನುಗುತ್ತದೆ. ಆಮೇಲೆ ಅದರ ಸುತ್ತ ಒಂದು ಪೊರೆ ಬೆಳೆಯುತ್ತದೆ, ಆ ಪೊರೆಯ ಹೊಸ ನಾಳಗಳೂ ಸೋರುತ್ತವೆ. ಹಾಗಾಗಿ ಪೆಟ್ಟಾಗಿ ವಾರಗಳಾದ ಮೇಲೆ ತೊಂದರೆ ಕಾಣಿಸಿಕೊಳ್ಳುತ್ತದೆ. ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅಂದರೆ ಇದೇ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ, ಕುಡಿಯುವವರಲ್ಲಿ ಜಾಸ್ತಿ.

ಪರೀಕ್ಷೆಗೆ ಖರ್ಚಿಲ್ಲ. ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಮೇಲಕ್ಕೆ ಮಾಡಿಸಿ, ಕಣ್ಣು ಮುಚ್ಚಿಸುತ್ತೇನೆ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಲ್ಲಬೇಕು. ಸೋತ ಕೈ ಮೆಲ್ಲಗೆ ಒಳಕ್ಕೆ ತಿರುಗಿ ಇಳಿಯುತ್ತದೆ, ಅವರಿಗೇ ಗೊತ್ತಾಗುವುದಿಲ್ಲ. ನಡೆಸಿ ನೋಡಿದರೆ ಒಂದು ಕಾಲಿನ ಚಪ್ಪಲಿ ನೆಲಕ್ಕೆ ಉಜ್ಜುತ್ತಿರುತ್ತದೆ. ಕೈ ಇಳಿಯದಿದ್ದರೂ ಕಥೆ ಹೊಂದಿದರೆ ಸಿಟಿ ಸ್ಕ್ಯಾನ್‌ಗೆ ಕಳಿಸುತ್ತೇನೆ.

ಚೀಟಿಯಲ್ಲಿ ಪೆಟ್ಟು ಬಿದ್ದು ಎಷ್ಟು ವಾರ ಆಯ್ತು ಅಂತ ತಪ್ಪದೆ ಬರೆಯುತ್ತೇನೆ. ಹೊಸ ರಕ್ತ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಎರಡು ಮೂರು ವಾರಕ್ಕೆ ಮಿದುಳಿನ ಬೂದು ಬಣ್ಣಕ್ಕೇ ಬಂದುಬಿಡುತ್ತದೆ. ಎರಡೂ ಕಡೆ ಸಮವಾಗಿ ನಿಂತಿದ್ದರೆ ಕಣ್ಣು ತಪ್ಪುವುದು ಸುಲಭ.

‘ಆಪರೇಷನ್ ಬೇಡ, ಮಾತ್ರೆ ಕೊಡಿ’ ಅಂತ ಎಲ್ಲರೂ ಕೇಳುತ್ತಾರೆ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಟ್ಟು ನೋಡುವ ಆಸೆ ಡಾಕ್ಟರುಗಳಿಗೂ ಇತ್ತು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಆ ಮಾತ್ರೆ ತಗೊಂಡವರ ಸ್ಥಿತಿ ಆರು ತಿಂಗಳಿಗೆ ಉಳಿದವರಿಗಿಂತ ಕೆಟ್ಟದಾಗಿತ್ತು. ನಾನಂತೂ ಕೊಡಲ್ಲ. ತಲೆಬುರುಡೆಗೆ ಸಣ್ಣ ತೂತು ಮಾಡಿ ರಕ್ತ ಹೊರಬಿಡುತ್ತಾರೆ, ಎಷ್ಟೋ ಸಲ ಆ ಜಾಗ ಮಾತ್ರ ಮರಗಟ್ಟಿಸಿ ಮಾಡುತ್ತಾರೆ ಅಂತ ವಿವರಿಸುತ್ತೇನೆ. ಒಳಗೆ ಕೊಳವೆ ಬಿಟ್ಟರೆ ಮತ್ತೆ ರಕ್ತ ತುಂಬುವುದು ಕಡಿಮೆ. 2009ರ ಕೇಂಬ್ರಿಡ್ಜ್ ಅಧ್ಯಯನದಲ್ಲಿ ಮರುಕಳಿಸಿದ್ದು 24%ನಿಂದ 9.3%ಗೆ ಇಳಿದಿತ್ತು.

ನನಗೆ ಕಷ್ಟ ಅನ್ನಿಸುವುದು ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ವಿಷಯ. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದರೆ ಹೃದಯಕ್ಕೆ ಭಯ, ಮುಂದುವರಿಸಿದರೆ ತಲೆಗೆ. ಅದನ್ನು ಒಬ್ಬನೇ ತೀರ್ಮಾನ ಮಾಡಲ್ಲ. ಚೀಟಿಯ ಮೇಲ್ಗಡೆ ಕೆಂಪು ಪೆನ್ನಲ್ಲಿ ಮಾತ್ರೆಯ ಹೆಸರು, ಸ್ಟೆಂಟ್ ಹಾಕಿದ ತಿಂಗಳು ಬರೆದು, ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಹಚ್ಚುತ್ತೇನೆ.