ಎರವಲು ತಂದ ವೀಣೆಯ ದಂಡಿ ಬಿರುಕು ಬಿಟ್ಟಾಗ

ಗುರುಗಳಿಂದಲೋ ಸಹಪಾಠಿಯಿಂದಲೋ ಅಭ್ಯಾಸಕ್ಕೆಂದು ತಂದ ವೀಣೆಯ ದಂಡಿಯಲ್ಲಿ, ಅಂದರೆ ಅದರ ಉದ್ದನೆಯ ಕತ್ತಿನಲ್ಲಿ, ಬಿರುಕು ಕಂಡಾಗ ಮೊದಲು ಮಾಡಬೇಕಾದದ್ದು ನುಡಿಸುವುದನ್ನು ನಿಲ್ಲಿಸಿ ತಂತಿಗಳನ್ನು ಸಡಿಲಿಸುವುದು. ಏಳು ತಂತಿಗಳ ಎಳೆತವನ್ನೂ ಒಳಗೆ ಟೊಳ್ಳಾಗಿರುವ ಆ ದಂಡಿಯೇ ಹೊತ್ತಿರುವುದರಿಂದ, ಶ್ರುತಿಯಲ್ಲಿಯೇ ಬಿಟ್ಟರೆ ಕೂದಲೆಳೆಯಷ್ಟಿದ್ದ ಸೀಳು ಬೆಳೆಯುತ್ತಲೇ ಹೋಗಬಹುದು. ಒಂದು ತಂತಿಯನ್ನು ಪೂರ್ತಿ ಬಿಟ್ಟು ಇನ್ನೊಂದಕ್ಕೆ ಹೋಗಬೇಡಿ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಹಾಗೂ ಮೂರು ತಾಳದ ತಂತಿಗಳ ಬಿರಡೆಗಳನ್ನು (ತಂತಿ ಬಿಗಿಸುವ ತಿರುಗಣೆಗಳನ್ನು) ಸರದಿಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ತಂತಿಗಳನ್ನು ಹೊತ್ತಿರುವ ಕುದುರೆ ಎಂಬ ಆಸರೆ ಸಾಮಾನ್ಯವಾಗಿ ತಂತಿಗಳ ಒತ್ತಡದಿಂದಲೇ ನಿಂತಿರುವ ಕಾರಣ, ಅದು ಜಾರದಿರುವಷ್ಟು ಬಿಗಿಯನ್ನು ಉಳಿಸಿಕೊಳ್ಳಬೇಕು.

ಅನಂತರ ಬಿರುಕು ನಿಜವಾಗಿ ಎಲ್ಲಿದೆ ಎಂಬುದನ್ನು ನೋಡಬೇಕು. ಸ್ವರಗಳಿಗಾಗಿ ತಂತಿ ಒತ್ತುವ 24 ಮೆಟ್ಟಿಲುಗಳನ್ನು ಕೂರಿಸಿರುವ ಕಪ್ಪು ಮೇಣ ಒಣಗಿ ಬಿರಿಯುವುದುಂಟು. ಅದನ್ನೇ ದಂಡಿಯ ಸೀಳೆಂದು ಭಾವಿಸಿ ಗಾಬರಿಗೊಳ್ಳುವವರಿದ್ದಾರೆ. ಟಾರ್ಚಿನ ಬೆಳಕನ್ನು ದಂಡಿಯ ಬದಿಯಿಂದ ಓರೆಯಾಗಿ ಹಾಯಿಸಿದರೆ ಮರದ ಸೀಳು ತೆಳ್ಳನೆಯ ನೆರಳಾಗಿ ಕಾಣುತ್ತದೆ, ಉಗುರಿನ ತುದಿಗೂ ತಾಗುತ್ತದೆ. ಬಿರಡೆಗಳ ಆಚೆ ತುದಿಯಲ್ಲಿರುವ ಯಾಳಿಯ (ಕೆತ್ತಿದ ಮೃಗಮುಖದ) ಮೇಲೆ ತಂತಿಯ ಎಳೆತವಿಲ್ಲದಿರುವುದರಿಂದ ಅಲ್ಲಿ ಮಾತ್ರ ಬಿರುಕಿದ್ದರೆ ಅಪಾಯ ಕಡಿಮೆ. ಭಾಗಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸಿದ ಒಟ್ಟುವೀಣೆಯಲ್ಲಿ ಕೊಡವೂ (ದುಂಡನೆಯ ಟೊಳ್ಳು ಒಡಲು) ದಂಡಿಯೂ ಸೇರುವ ಕಡೆ ಬೆಸುಗೆ ಬಿಟ್ಟಿದ್ದರೆ ಅದನ್ನು ವೀಣೆ ಮಾಡುವ ಕುಶಲಿಗಳು ಬಿಚ್ಚಿ ಮತ್ತೆ ಅಂಟಿಸಬಲ್ಲರು. ಒಂದೇ ಮರದಲ್ಲಿ ಕಡೆದ ಏಕಾಂಡ ವೀಣೆಯ ದಂಡಿ ಸೀಳಿದ್ದರೆ, ಅದರಲ್ಲೂ ತಂತಿ ಸಡಿಲಿಸಿದೊಡನೆ ಸಂದು ಕಿರಿದಾದರೆ, ಭಾರ ಹೊರುವ ಮರವೇ ಸೋತಿದೆ ಎಂದು ತಿಳಿಯಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಸೀಳಿನ ಎರಡೂ ತುದಿಗಳು ಕಾಣುವಂತೆ ಫೋಟೋ ತೆಗೆದುಕೊಳ್ಳಿ.

ಆ ಫೋಟೋಗಳೊಂದಿಗೆ ಅದೇ ದಿನ ವೀಣೆಯ ಒಡೆಯರಿಗೆ ತಿಳಿಸಿ. ಮೊದಲು ಸರಿಪಡಿಸಿ ಆಮೇಲೆ ಹೇಳೋಣವೆಂಬ ಯೋಚನೆ ಒಳ್ಳೆಯ ಮನಸ್ಸಿನಿಂದಲೇ ಬಂದರೂ ಅದು ತಪ್ಪು, ಏಕೆಂದರೆ ಯಾರ ಕೈಯಲ್ಲಿ ಮಾಡಿಸಬೇಕು, ಹೇಗೆ ಮಾಡಿಸಬೇಕು ಎಂದು ನಿರ್ಧರಿಸುವ ಹಕ್ಕು ಅವರದು. ಆ ವೀಣೆಯನ್ನು ಮಾಡಿದವರ ಪರಿಚಯವೂ ಅವರಿಗಿರಬಹುದು. “ಮೇಡಂ, ದಂಡಿಯಲ್ಲಿ ಬಿರುಕು ಕಾಣುತ್ತಿದೆ, ತಂತಿ ಇಳಿಸಿಟ್ಟಿದ್ದೇನೆ, ಖರ್ಚು ನನ್ನದು, ಎಲ್ಲಿಗೆ ಒಯ್ಯಲಿ ಹೇಳಿ” ಎಂದರೆ ಸಾಕು. ಬಿರುಕು ಹಳೆಯದೆಂದು ಅನ್ನಿಸಿದರೂ ಆ ಚರ್ಚೆಯನ್ನು ಮೊದಲ ಮಾತಿನಲ್ಲಿಯೇ ಎತ್ತುವುದು ಬೇಡ.

ಸೀಳಿಗೆ ಫೆವಿಕ್ವಿಕ್ ಸುರಿಯುವುದನ್ನೂ ಮೊಳೆ ಹೊಡೆಯುವುದನ್ನೂ ಯಾವ ಕಾರಣಕ್ಕೂ ಮಾಡಬಾರದು. ಅಂತಹ ಅಂಟು ಮರದ ಎಳೆಗಳೊಳಗೆ ಇಳಿದು ಗಟ್ಟಿಯಾದ ಮೇಲೆ ಬೇರೆ ಅಂಟು ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ; ಕುಶಲಿಗಳು ಅದನ್ನು ಕೆರೆದು ತೆಗೆಯುವಾಗ ಒಳ್ಳೆಯ ಮರವೂ ಹೋಗುತ್ತದೆ. ಅಂಟುಪಟ್ಟಿಯನ್ನೂ ಸುತ್ತಬೇಡಿ, ಕೀಳುವಾಗ ಪಾಲಿಶ್ ಎದ್ದುಬರುತ್ತದೆ. ಸಾಗಿಸುವಾಗ ದಂಡಿಯ ಕೆಳಗೆ ಕೂರಿಸಿರುವ ಸೋರೆಬುರುಡೆಯನ್ನು ಬಿಚ್ಚಿ ಬೇರೆಯಾಗಿ ಇಡಿ, ದಂಡಿಯ ಉದ್ದಕ್ಕೂ ಮಡಿಸಿದ ಬಟ್ಟೆಯ ಆಸರೆ ಕೊಡಿ, ಕೊಡವನ್ನೂ ದಂಡಿಯನ್ನೂ ಎರಡು ಕೈಗಳಿಂದ ಹಿಡಿದೇ ಎತ್ತಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲುಗಳೂ ಸರಿಯುತ್ತವೆ.

ಕುಶಲಿಗಳೊಡನೆ ಮಾತನಾಡುವಾಗ ದಂಡಿಯ ಕೆಲಸದ ಜೊತೆಗೆ ಮೇಳ ಕಟ್ಟುವ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಸರಿಯಾದ ಸ್ವರಸ್ಥಾನಕ್ಕೆ ಕೂರಿಸುವ, ಖರ್ಚನ್ನೂ ಕೇಳಿಕೊಳ್ಳಬೇಕು, ಏಕೆಂದರೆ ದಂಡಿ ಎಳ್ಳಷ್ಟು ಬಾಗಿದರೂ ಸ್ವರಸ್ಥಾನಗಳು ತಪ್ಪುತ್ತವೆ. ವೀಣೆ ಮರಳಿ ಬಂದ ಮೇಲೆ ಒಂದೇ ಸಲಕ್ಕೆ ಪೂರ್ಣ ಶ್ರುತಿಗೆ ಏರಿಸದೆ, ಕೆಲವು ದಿನಗಳಲ್ಲಿ ಹಂತಹಂತವಾಗಿ ಬಿಗಿಗೊಳಿಸುತ್ತಾ ದುರಸ್ತಿಯಾದ ಜಾಗವನ್ನು ಬೆಳಕಿನಲ್ಲಿ ಮತ್ತೆ ಮತ್ತೆ ನೋಡಿ. ಆಮೇಲೆ ಸಾರಣಿಯನ್ನು ಬಿಡಿಯಾಗಿ ಮೀಟಿ, 12ನೆಯ ಮೆಟ್ಟಿಲಿನ ತಾರಷಡ್ಜದೊಡನೆ (ಮೇಲಿನ ಸ್ಥಾಯಿಯ ‘ಸ’ದೊಡನೆ) ಹೋಲಿಸಿ. ಅದು ಸೇರದಿದ್ದರೆ ಮೇಳವನ್ನು ಮತ್ತೊಮ್ಮೆ ಸರಿಪಡಿಸಿಕೊಡುವಂತೆ ಕೇಳಿ, ಸೇರಿದ ಮೇಲೆಯೇ ಒಡೆಯರ ಮನೆಗೆ ಒಯ್ದು ಅವರ ಕೈಯಿಂದಲೇ ನುಡಿಸಿ ನೋಡಿಸಿ ಒಪ್ಪಿಸಿ.